ಪೆನ್ಷನ್‌ಗೆ ಇನ್ನೊಂದು ವರ್ಷ: ಹವಾಲ್ದಾರರು ಈಗಲೇ ಮಾಡಿಕೊಳ್ಳಬೇಕಾದ ಕೆಲಸ

ಪ್ರಶ್ನೆ: ನಾನು ಸೇನೆಯಲ್ಲಿ ಹವಾಲ್ದಾರ್. ಬೆಳಗಾವಿ ಜಿಲ್ಲೆ, ಸವದತ್ತಿ ಹತ್ತಿರದ ಹಳ್ಳಿಯವನು. 19ನೇ ವಯಸ್ಸಿಗೆ ಭರ್ತಿಯಾದೆ, ಈಗ 42. ಮುಂದಿನ ವರ್ಷ 24 ವರ್ಷ ಸರ್ವಿಸ್ ಮುಗಿಸಿ ಊರಿಗೆ ಬರುತ್ತೇನೆ. ಓದಿದ್ದು ಎಸ್ಸೆಸ್ಸೆಲ್ಸಿ. ಮಗಳು ಸೆಕೆಂಡ್ ಪಿಯುಸಿ, ಮಗ ಎಂಟನೇ ಕ್ಲಾಸ್. ಸರ್ಕಾರದಿಂದ ಏನೇನು ಸಿಗುತ್ತದೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಊರಿಗೆ ಬಂದ ಮೇಲೆ ಮೊದಲು ಎಲ್ಲಿಗೆ ಹೋಗಬೇಕು? ಅಣ್ಣನ ಮಗ ಅಗ್ನಿವೀರನಾಗಿ ಸೇರಿದ್ದಾನೆ. ಅವನಿಗೂ ಇದೆಲ್ಲ ಸಿಗುತ್ತದಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಒಂದು ಮಾತನ್ನು ಮೊದಲು ಬದಲಾಯಿಸೋಣ. "ಊರಿಗೆ ಬಂದ ಮೇಲೆ" ಎಂದು ಕಾಯಬೇಡಿ. ಸರ್ಕಾರದ ಸವಲತ್ತು ಕಡಿಮೆ ಏನಿಲ್ಲ. ಆದರೆ ಅದರಲ್ಲಿ ದೊಡ್ಡ ಪಾಲು ಕೈಗೆ ಸಿಗುವುದೋ ಜಾರಿಹೋಗುವುದೋ ಎಂಬುದು ನೀವು ಸಮವಸ್ತ್ರದಲ್ಲಿರುವ ಈ ಕೊನೆಯ ವರ್ಷದಲ್ಲೇ ತೀರ್ಮಾನವಾಗುತ್ತದೆ. ಮಾಜಿ ಸೈನಿಕರ ಕಾಗದಪತ್ರಗಳ ಜೊತೆಯೇ ನನ್ನ ಕೆಲಸ. ಊರಿಗೆ ಬಂದು ವರ್ಷಗಟ್ಟಲೆ ಅಲೆಯುವವರಲ್ಲಿ ಹೆಚ್ಚಿನವರ ತೊಂದರೆ ಯೂನಿಟ್‌ನಲ್ಲಿದ್ದಾಗ ಒಂದು ವಾರದಲ್ಲಿ ಮುಗಿಯುವಂಥದ್ದಾಗಿತ್ತು.

ಕಾಗದದಿಂದಲೇ ಶುರು ಮಾಡೋಣ. ನಿಮ್ಮ ಸರ್ವಿಸ್ ರೆಕಾರ್ಡ್‌ನಲ್ಲಿ ಹೆಂಡತಿಯ ಹೆಸರು ಏನೆಂದು ಬರೆದಿದೆ? ಮದುವೆಯಾದಾಗ ಪಾರ್ಟ್ ಟು ಆರ್ಡರ್ (ಮನೆಯವರ ವಿವರವನ್ನು ರೆಕಾರ್ಡ್‌ಗೆ ಸೇರಿಸುವ ಯೂನಿಟ್ ಆದೇಶ) ಮಾಡಿಸಿರುತ್ತೀರಿ, ಆಮೇಲೆ ಅದನ್ನು ತಿರುಗಿ ನೋಡಿರುವುದಿಲ್ಲ. ನಮ್ಮ ಕಡೆ ತವರಿನಲ್ಲಿ ಲಕ್ಷ್ಮವ್ವ, ಗಂಡನ ಮನೆಗೆ ಬಂದ ಮೇಲೆ ಲಕ್ಷ್ಮೀಬಾಯಿ. ರೆಕಾರ್ಡ್‌ನಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನಿಷಿಯಲ್ ಸೇರಿಸಿ ಮೂರನೆಯದು. ನೀವು ಚೆನ್ನಾಗಿರುವವರೆಗೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ನಾಳೆ ಫ್ಯಾಮಿಲಿ ಪೆನ್ಷನ್ ಮಂಜೂರಾಗಬೇಕಾದಾಗ "ಈ ಇಬ್ಬರೂ ಒಬ್ಬರೇ ಎಂಬುದಕ್ಕೆ ಪುರಾವೆ ಕೊಡಿ" ಎಂಬ ಪತ್ರ ಬರುತ್ತದೆ. ಆಗ ಆ ಹೆಣ್ಣುಮಗಳು ಅಫಿಡವಿಟ್ ಹಿಡಿದು ಕಚೇರಿಯಿಂದ ಕಚೇರಿಗೆ ಓಡಾಡಬೇಕು. ಈಗಾದರೆ ಆ ಕೆಲಸ ನಿಮ್ಮ ಯೂನಿಟ್ ಕ್ಲರ್ಕ್ ಮೇಜಿನ ಮೇಲೆ ಮುಗಿಯುತ್ತದೆ. ಡಿಸ್ಚಾರ್ಜ್ ಆದ ಮೇಲೆ ರೆಕಾರ್ಡ್ ಆಫೀಸಿಗೆ ಪತ್ರ ಬರೆದು ತಿಂಗಳುಗಟ್ಟಲೆ ಕಾಯಬೇಕು.

ಮಕ್ಕಳ ಹೆಸರು, ಹುಟ್ಟಿದ ತಾರೀಖು ಕೂಡ ಇದೇ ರೀತಿ. ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹೆಸರು, ತಾರೀಖು ಪಾರ್ಟ್ ಟು ಆರ್ಡರ್‌ನಲ್ಲಿ ಹಾಗೇ ಇರಬೇಕು. ಒಂದು ಅಕ್ಷರ ಆಚೀಚೆಯಾದರೂ ಸ್ಕಾಲರ್‌ಷಿಪ್ ಅರ್ಜಿ ವಾಪಸ್ ಬರುತ್ತದೆ. ಅಪ್ಪ ಅಮ್ಮ ನಿಮ್ಮ ಮೇಲೆ ಅವಲಂಬಿತರಾಗಿದ್ದರೆ ಅವರ ಹೆಸರನ್ನೂ ಸೇರಿಸಿ. ಮುಂದಿನ ರಜೆಯಲ್ಲಿ ಊರಿಗೆ ಬಂದಾಗ ಮನೆಯವರೆಲ್ಲರ ಆಧಾರ್, ಪ್ಯಾನ್, ಪಾಸ್‌ಬುಕ್, ಅಂಕಪಟ್ಟಿ ಒಂದು ಕಡೆ ಹರಡಿಕೊಂಡು ಅಕ್ಷರ ಅಕ್ಷರ ತಾಳೆ ನೋಡಿ. ತಪ್ಪಿದ್ದರೆ ಯಾವ ಕಡೆ ತಿದ್ದಿಸುವುದು ಸುಲಭವೋ ಆ ಕಡೆ ತಿದ್ದಿಸಿ. ಸಾಮಾನ್ಯವಾಗಿ ಆಧಾರ್ ಸುಲಭ.

ಪೆನ್ಷನ್ ಈಗ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಬರುತ್ತದೆ. ಪ್ರಯಾಗರಾಜ್‌ನಲ್ಲಿರುವ ರಕ್ಷಣಾ ಪೆನ್ಷನ್ ಲೆಕ್ಕಪತ್ರ ಕಚೇರಿ ಇದನ್ನು ನಡೆಸುತ್ತದೆ. ಪಿಪಿಒ, ಅಂದರೆ ಪೆನ್ಷನ್ ಮಂಜೂರಾತಿ ಆದೇಶ, ಬಂದ ದಿನವೇ ಲಾಗಿನ್ ಆಗಿ ನಿಮ್ಮ ಹೆಸರು, ಹುಟ್ಟಿದ ದಿನ, ಬ್ಯಾಂಕ್ ಖಾತೆ, ಹೆಂಡತಿಯ ವಿವರ ಸರಿಯಿದೆಯಾ ನೋಡಿ. ಮೊಬೈಲ್ ನಂಬರ್ ಮಾತ್ರ ಯಾವತ್ತೂ ಬದಲಾಯಿಸದಂಥದ್ದನ್ನು ಕೊಡಿ. ಡ್ಯೂಟಿ ಜಾಗದಲ್ಲಿ ತೆಗೆದುಕೊಂಡ ಸಿಮ್ ಕೊಟ್ಟು, ಊರಿಗೆ ಬಂದ ಮೇಲೆ ಅದು ಬಂದ್ ಆಗಿ, ಒಟಿಪಿ ಬಾರದೆ ಪರದಾಡಿದವರು ತುಂಬಾ ಜನ. ವರ್ಷಕ್ಕೊಮ್ಮೆ ಜೀವನ ಪ್ರಮಾಣ (ಬದುಕಿದ್ದೇನೆ ಎಂಬ ಪ್ರಮಾಣಪತ್ರ) ಕೊಡಬೇಕು. ಮರೆತರೆ ಪೆನ್ಷನ್ ನಿಲ್ಲುತ್ತದೆ. ಮೊಬೈಲ್‌ನಲ್ಲಿ ಮುಖ ತೋರಿಸಿಯೂ ಮಾಡಬಹುದು, ಹತ್ತಿರದ ಸಿಎಸ್‌ಸಿ ಕೇಂದ್ರದಲ್ಲೂ ಆಗುತ್ತದೆ.

ಇನ್ನು ದುಡ್ಡು. ಹೊರಬರುವಾಗ ಗ್ರಾಚ್ಯುಟಿ, ಪ್ರಾವಿಡೆಂಟ್ ಫಂಡ್, ಗ್ರೂಪ್ ಇನ್ಶೂರೆನ್ಸ್, ರಜೆಯ ಸಂಬಳ ಎಲ್ಲ ಸೇರಿ ದೊಡ್ಡ ಮೊತ್ತ ಒಟ್ಟಿಗೆ ಬರುತ್ತದೆ. ಅದರ ಜೊತೆ ಕಮ್ಯೂಟೇಷನ್. ಸೇನೆಯವರು ಪೆನ್ಷನ್ನಿನ ಅರ್ಧದವರೆಗೆ ಕಮ್ಯೂಟ್ ಮಾಡಬಹುದು, ಅಂದರೆ ಮುಂದಿನ ಪೆನ್ಷನ್ನಿನ ಒಂದು ಭಾಗವನ್ನು ಈಗಲೇ ಇಡಿಗಂಟಾಗಿ ಪಡೆಯಬಹುದು. ಕಡಿತವಾದ ಭಾಗ 15 ವರ್ಷದ ನಂತರ ವಾಪಸ್ ಸೇರುತ್ತದೆ. ತುಟ್ಟಿಭತ್ಯೆಯನ್ನು ಮಾತ್ರ ಕಮ್ಯೂಟ್ ಮಾಡುವ ಮೊದಲಿನ ಪೂರ್ತಿ ಪೆನ್ಷನ್ ಮೇಲೆಯೇ ಲೆಕ್ಕ ಹಾಕುತ್ತಾರೆ. ಎಲ್ಲರೂ ಮಾಡುತ್ತಾರೆ ಎಂದು ಸುಮ್ನೆ ಅರ್ಧ ಕಮ್ಯೂಟ್ ಮಾಡಬೇಡಿ. ಮನೆ ಕಟ್ಟುವುದೋ ಸಾಲ ತೀರಿಸುವುದೋ ಇದ್ದರೆ ಸರಿ. ದುಡ್ಡಿನ ತುರ್ತು ಇಲ್ಲದವರು ಇಷ್ಟು ದೊಡ್ಡ ಮೊತ್ತ ತೆಗೆದರೆ ಅದು ಬೇರೆಯವರ ಕೈ ಸೇರುವ ಸಂಭವವೇ ಜಾಸ್ತಿ. ಫೌಜಿ ಊರಿಗೆ ಬಂದ ಸುದ್ದಿ ಸೈಟ್ ಬ್ರೋಕರ್‌ಗೆ ಮೊದಲು ತಿಳಿಯುತ್ತದೆ, ಚೀಟಿ ನಡೆಸುವವರಿಗೆ ಆಮೇಲೆ. 24 ವರ್ಷ ಬರ್ಫದಲ್ಲಿ, ಮರಳುಗಾಡಿನಲ್ಲಿ ದುಡಿದ ಹಣ ಇದು. ಮೊದಲ ಆರು ತಿಂಗಳು ಅದನ್ನು ಬ್ಯಾಂಕಿನಲ್ಲೇ ಠೇವಣಿ ಇಡಿ. ಹತ್ತಿರದ ನೆಂಟರು ಕೇಳಿದರೂ "ಲಾಕ್ ಆಗಿದೆ" ಎಂದು ಹೇಳಿ. ನಿಷ್ಠುರವಾದರೂ ಪರವಾಗಿಲ್ಲ.

ಒಆರ್‌ಒಪಿ ಬಗ್ಗೆ ಕೇಳುತ್ತೀರಿ ಎಂದು ಗೊತ್ತು. ಒಂದೇ ರ‍್ಯಾಂಕ್, ಒಂದೇ ಅವಧಿಯ ಸೇವೆ ಇದ್ದವರಿಗೆ ಯಾವಾಗ ನಿವೃತ್ತರಾದರೂ ಒಂದೇ ಪೆನ್ಷನ್ ಎಂಬುದು ಅದರ ತತ್ವ. 2014ರ ಜುಲೈ 1ರಿಂದ ಲೆಕ್ಕ ಶುರುವಾಯಿತು, ಐದು ವರ್ಷಕ್ಕೊಮ್ಮೆ ಪರಿಷ್ಕರಣೆ. 2019ರದ್ದು ಆಯಿತು, 2024ರದ್ದೂ ಆಯಿತು. ನೀವು ಇದಕ್ಕಾಗಿ ಯಾವ ಅರ್ಜಿಯನ್ನೂ ಹಾಕಬೇಕಾಗಿಲ್ಲ. "ಒಆರ್‌ಒಪಿ ಏರಿಯರ್ಸ್ ಕೊಡಿಸುತ್ತೇನೆ" ಎಂದು ಯಾರಾದರೂ ಕಮಿಷನ್ ಕೇಳಿದರೆ ಮೋಸ ಎಂದೇ ತಿಳಿಯಿರಿ.

ಈಗ ಕೆಲಸದ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಗೊತ್ತಿಲ್ಲದೆ ಅವಕಾಶ ಕಳೆದುಕೊಳ್ಳುವವರು ಇಲ್ಲೇ ಹೆಚ್ಚು.

ಕೇಂದ್ರ ಸರ್ಕಾರದ ಗ್ರೂಪ್ ಸಿ (ಗುಮಾಸ್ತರಂಥ ಕೆಳಹಂತದ) ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ 10 ಪರ್ಸೆಂಟ್ ಮೀಸಲು. ಕೇಂದ್ರದ ಸಾರ್ವಜನಿಕ ಉದ್ದಿಮೆಗಳು ಮತ್ತು ಸರ್ಕಾರಿ ಬ್ಯಾಂಕ್‌ಗಳಲ್ಲಿ ಗ್ರೂಪ್ ಸಿಗೆ 14.5 ಪರ್ಸೆಂಟ್. ಅದರಲ್ಲಿ 4.5 ಪರ್ಸೆಂಟ್ ಗಾಯಗೊಂಡು ಅಂಗವಿಕಲರಾದ ಸೈನಿಕರಿಗೆ ಮತ್ತು ಹುತಾತ್ಮರ ಕುಟುಂಬದವರಿಗೆ. ಕರ್ನಾಟಕ ಸರ್ಕಾರದ ನೇಮಕಾತಿಯಲ್ಲೂ 10 ಪರ್ಸೆಂಟ್ ಸಮತಲ ಮೀಸಲಾತಿ, ಅಂದರೆ ಜಾತಿವಾರು ಪ್ರತಿ ವರ್ಗದ ಒಳಗೂ ಸಿಗುವ ಮೀಸಲಾತಿ ಇದೆ. ಇಷ್ಟೆಲ್ಲ ಇದ್ದೂ ಈ ಕೋಟಾ ಪೂರ್ತಿ ತುಂಬುವುದಿಲ್ಲ. ಅರ್ಜಿ ಹಾಕುವವರು ಕಡಿಮೆ, ಪರೀಕ್ಷೆಗೆ ಓದಿಕೊಂಡು ಬರುವವರು ಇನ್ನೂ ಕಡಿಮೆ. ನಿಮಗೆ ಮೀಸಲಿಟ್ಟ ಜಾಗ ಖಾಲಿ ಬಿದ್ದಿರುವಾಗ ನೀವು ಎಟಿಎಂ ಮುಂದೆ ಸ್ಟೂಲ್ ಹಾಕಿಕೊಂಡು ಕೂರುವುದನ್ನು ನೋಡಲು ನನಗೆ ಆಗುವುದಿಲ್ಲ.

"ನನಗೆ 43 ಆಯಿತಲ್ಲ, ವಯಸ್ಸು ಮೀರಿತು" ಎನ್ನಬೇಡಿ. ಕೇಂದ್ರದ ನಿಯಮದಲ್ಲಿ ನಿಮ್ಮ ವಯಸ್ಸಿನಿಂದ ಸೇನೆಯಲ್ಲಿದ್ದ ವರ್ಷಗಳನ್ನು ಕಳೆದು, ಮತ್ತೆ ಮೂರು ಕಳೆಯುತ್ತಾರೆ. 43ರಲ್ಲಿ 24 ಹೋದರೆ 19, ಅದರಲ್ಲಿ 3 ಹೋದರೆ 16. ಪರೀಕ್ಷೆಯ ಲೆಕ್ಕಕ್ಕೆ ನೀವು ನಿಮ್ಮ ಮಗಳಿಗಿಂತ ಚಿಕ್ಕವರು! ರಾಜ್ಯದ ನೇಮಕಾತಿಯಲ್ಲೂ ಸೇವೆಯ ವರ್ಷಗಳ ಜೊತೆ ಮೂರು ವರ್ಷ ಸಡಿಲಿಕೆ ಸಿಗುತ್ತದೆ.

ಎಸ್ಸೆಸ್ಸೆಲ್ಸಿ ಮಾತ್ರ ಓದಿದ್ದೇನೆ ಎಂಬ ಚಿಂತೆಯೂ ಪೂರ್ತಿ ಸರಿಯಲ್ಲ. ಮೆಟ್ರಿಕ್ ಪಾಸಾಗಿ 15 ವರ್ಷ ಸೇವೆ ಮಾಡಿದವರನ್ನು, ಪದವಿ ಕೇಳುವ ಕೇಂದ್ರದ ಗ್ರೂಪ್ ಸಿ ಮೀಸಲು ಹುದ್ದೆಗೆ ಪರಿಗಣಿಸಬಹುದು. ತಾಂತ್ರಿಕ ಅಥವಾ ವೃತ್ತಿಪರ ಅನುಭವ ಬೇಕಾದ ಹುದ್ದೆಗೆ ಇದು ನಡೆಯುವುದಿಲ್ಲ. ಇದಕ್ಕೆ ಬೇಕಾದ ಪ್ರಮಾಣಪತ್ರವನ್ನು ಸೇನೆಯಿಂದಲೇ ಪಡೆದು ಬನ್ನಿ. ಆದರೆ ಇದು ಕೇಂದ್ರದ ನಿಯಮ. ರಾಜ್ಯದ ಹುದ್ದೆಗೂ ಹಾಗೇ ಎಂದುಕೊಳ್ಳದೆ ಪ್ರತಿ ಅಧಿಸೂಚನೆಯನ್ನೂ ಓದಿ. ಸಾಧ್ಯವಾದರೆ ಮುಕ್ತ ವಿಶ್ವವಿದ್ಯಾಲಯದಲ್ಲಿ ಒಂದು ಪದವಿಗೆ ಸೇರಿಬಿಡಿ. ಆಗ ಯಾರೂ ನಿಮ್ಮನ್ನು ಪ್ರಶ್ನೆ ಮಾಡಲಾರರು.

ಇನ್ನೊಂದು ವಿಷಯ ಎಷ್ಟೋ ಜನ ಅಧಿಕಾರಿಗಳಿಗೂ ಗೊತ್ತಿರುವುದಿಲ್ಲ. ಅರ್ಜಿಯ ಕೊನೆಯ ದಿನದಿಂದ ಒಂದು ವರ್ಷದೊಳಗೆ ಸೇವೆ ಮುಗಿಯುವುದಾದರೆ, ಸರ್ವಿಸ್‌ನಲ್ಲಿ ಇರುವಾಗಲೇ ಮಾಜಿ ಸೈನಿಕರ ಕೋಟಾದಲ್ಲಿ ಅರ್ಜಿ ಹಾಕಬಹುದು. ಅಂದರೆ ನಿಮ್ಮ ಬಾಗಿಲು ಈಗಾಗಲೇ ತೆರೆಯುತ್ತಿದೆ. ಇನ್ನು, ಈ ಮೀಸಲಾತಿಯನ್ನು ಬಳಸಿಕೊಂಡು ಒಂದು ಸರ್ಕಾರಿ ಕೆಲಸಕ್ಕೆ ಸೇರಿದರೆ ಕೋಟಾ ಅಲ್ಲಿಗೆ ಮುಗಿಯಿತು. ಆಮೇಲೆ ವಯಸ್ಸಿನ ಸಡಿಲಿಕೆ ಸಿಗಬಹುದು, ಮೀಸಲಾತಿ ಸಿಗುವುದಿಲ್ಲ. ಇದಕ್ಕೊಂದು ದಾರಿ ಇದೆ. ಮೊದಲ ಕೆಲಸಕ್ಕೆ ಸೇರುವ ಮುನ್ನವೇ ಬೇರೆ ಬೇರೆ ಹುದ್ದೆಗಳಿಗೆ ಅರ್ಜಿ ಹಾಕಿದ್ದರೆ, ಸೇರಿದ ಕೂಡಲೇ ಆ ಅರ್ಜಿಗಳ ಪಟ್ಟಿಯನ್ನು ತಾರೀಖು ಸಮೇತ ಕಚೇರಿಗೆ ಸ್ವಯಂ ಘೋಷಣೆಯಾಗಿ ಕೊಡಬೇಕು. ಆಗ ಆ ಹುದ್ದೆಗಳಿಗೆ ನಿಮ್ಮ ಮಾಜಿ ಸೈನಿಕ ಹಕ್ಕು ಉಳಿಯುತ್ತದೆ. ಕೇಂದ್ರದ ಸಿಬ್ಬಂದಿ ಇಲಾಖೆ 2014ರ ಆಗಸ್ಟ್ 14ರಂದು ಈ ಆದೇಶ ಹೊರಡಿಸಿದೆ. ಆತುರದಲ್ಲಿ ಸಿಕ್ಕಿದ ಸಣ್ಣ ಹುದ್ದೆಗೆ ಸೇರಿ, ಪಟ್ಟಿ ಕೊಡದೆ, ಮುಂದೆ ಬ್ಯಾಂಕ್ ಕ್ಲರ್ಕ್ ಹುದ್ದೆ ಕೈತಪ್ಪಿಸಿಕೊಳ್ಳಬೇಡಿ. ಪಟ್ಟಿ ಕೊಟ್ಟದ್ದಕ್ಕೆ ಸ್ವೀಕೃತಿಯ ಸೀಲ್ ಹಾಕಿಸಿಕೊಳ್ಳಿ. ಖಾಸಗಿ ಕಂಪನಿಯಲ್ಲೋ ಗುತ್ತಿಗೆ ಮೇಲೋ ಮಾಡುವ ಕೆಲಸ ಈ ಲೆಕ್ಕಕ್ಕೆ ಬರುವುದಿಲ್ಲ, ಅಲ್ಲಿ ದುಡಿಯುತ್ತಲೇ ಪರೀಕ್ಷೆ ಬರೆಯಬಹುದು.

ಎರಡನೇ ಕೆಲಸಕ್ಕೆ ಸೇರಿದರೆ ಪೆನ್ಷನ್ ನಿಲ್ಲುತ್ತದೆ ಎಂಬ ಭಯ ಹಲವರಿಗಿದೆ. ನಿಲ್ಲುವುದಿಲ್ಲ. 55ಕ್ಕಿಂತ ಮೊದಲು ನಿವೃತ್ತರಾದ ಜವಾನರ ವಿಷಯದಲ್ಲಿ, ಹೊಸ ಕೆಲಸದ ಸಂಬಳ ನಿಗದಿ ಮಾಡುವಾಗ ಸೇನೆಯ ಪೆನ್ಷನ್ ಅನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೊಸ ಹುದ್ದೆಯ ಆರಂಭದ ಸಂಬಳ ಪೂರ್ತಿ ಬರುತ್ತದೆ, ಪೆನ್ಷನ್ನೂ ಬರುತ್ತದೆ.

ಸಮವಸ್ತ್ರ ಬಿಡಲು ಮನಸ್ಸಿಲ್ಲ ಎಂದಾದರೆ ಸೇನೆಯ ನೆಲೆಗಳನ್ನು ಕಾಯಲು ಮಾಜಿ ಸೈನಿಕರನ್ನು ಸೇರಿಸಿಕೊಳ್ಳುವ ಡಿಫೆನ್ಸ್ ಸೆಕ್ಯೂರಿಟಿ ಕೋರ್ ಇದೆ. ಅದರ ಕೇಂದ್ರ ಕೇರಳದ ಕಣ್ಣೂರಿನಲ್ಲಿ. ಆದರೆ ಮತ್ತೆ ಮನೆಯಿಂದ ದೂರ. ಹೆಂಡತಿ ಮಕ್ಕಳನ್ನು ಕೇಳಿಯೇ ತೀರ್ಮಾನ ಮಾಡಿ.

ದೆಹಲಿಯಲ್ಲಿ ಡಿಜಿಆರ್ ಎಂಬ ಪುನರ್ವಸತಿ ನಿರ್ದೇಶನಾಲಯ ಇದೆ. ನಿವೃತ್ತಿ ಹತ್ತಿರವಿದ್ದವರಿಗೆ ತರಬೇತಿ ಕೊಡಿಸುವುದು ಅದರ ಮುಖ್ಯ ಕೆಲಸ. ಅಧಿಕಾರಿಗಳಾದರೆ ಶುಲ್ಕದ ಒಂದು ಪಾಲನ್ನು ತಾವೇ ಕಟ್ಟಬೇಕು, ಜವಾನರು ಮತ್ತು ಜೆಸಿಒಗಳಿಗೆ (ಸುಬೇದಾರರಂಥವರಿಗೆ) ಪೂರ್ತಿ ಸರ್ಕಾರದ್ದೇ. ಅರ್ಜಿ ಯೂನಿಟ್ ಮೂಲಕ ಹೋಗುತ್ತದೆ. ಹಾಗಾಗಿ ಇದನ್ನೂ ಈಗಲೇ ಕೇಳಿ. ಸೆಕ್ಯೂರಿಟಿ ಕೋರ್ಸ್‌ಗೆ ಮುಗಿಬೀಳಬೇಡಿ, ಆ ಕೆಲಸಕ್ಕೆ ನಿಮಗೆ ಕೋರ್ಸ್ ಬೇಕಿಲ್ಲ. ಕಂಪ್ಯೂಟರ್, ಲೆಕ್ಕಪತ್ರ, ಸ್ಟೋರ್ ನಿರ್ವಹಣೆಯಂಥದ್ದು ಕಲಿಯಿರಿ. ಸೇನೆಯಲ್ಲಿ ನೀವು ಮಾಡಿದ ಟ್ರೇಡ್‌ಗೆ ಹೊರಗೆ ಯಾವ ಕೆಲಸ ಸಮ ಎಂಬುದು ಡಿಸ್ಚಾರ್ಜ್ ಬುಕ್‌ನಲ್ಲಿ ಸ್ಪಷ್ಟವಾಗಿ ನಮೂದಾಗಲಿ. ಖಾಸಗಿ ಕಂಪನಿಯವರಿಗೆ "ಹವಾಲ್ದಾರ್" ಎಂದರೆ ಏನೂ ಹೊಳೆಯುವುದಿಲ್ಲ. "40 ವಾಹನಗಳ ದುರಸ್ತಿ ನೋಡಿಕೊಂಡೆ, 10 ಜನರ ತಂಡ ನಡೆಸಿದೆ" ಎಂಬ ಧಾಟಿಯಲ್ಲಿ ನೀವು ಮಾಡಿದ ಕೆಲಸವನ್ನೇ ಬರೆದರೆ ಹೊಳೆಯುತ್ತದೆ.

ಊರಿಗೆ ಬಂದ ಮೇಲೆ ಮೊದಲು ಹೋಗಬೇಕಾದದ್ದು ಬೆಳಗಾವಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ. (ಬೇರೆ ಜಿಲ್ಲೆಯವರು ಗಮನಿಸಿ, ಈ ಕಚೇರಿ ಎಲ್ಲ ಜಿಲ್ಲೆಗಳಲ್ಲೂ ಇಲ್ಲ. ಕೆಲವು ಕಚೇರಿಗಳು ಪಕ್ಕದ ಜಿಲ್ಲೆಯನ್ನೂ ನೋಡಿಕೊಳ್ಳುತ್ತವೆ.) ಡಿಸ್ಚಾರ್ಜ್ ಬುಕ್, ಪಿಪಿಒ, ಫೋಟೊ ತೆಗೆದುಕೊಂಡು ಹೋಗಿ ಹೆಸರು ನೋಂದಾಯಿಸಿ, ಮಾಜಿ ಸೈನಿಕರ ಗುರುತಿನ ಚೀಟಿ ಮಾಡಿಸಿ. ಉದ್ಯೋಗಕ್ಕಾಗಿಯೂ ಅಲ್ಲೇ ಪ್ರತ್ಯೇಕವಾಗಿ ನೋಂದಾಯಿಸಬೇಕು. ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ. ಕಚೇರಿ ಎಲ್ಲಿದೆ, ಯಾರನ್ನು ಕೇಳಬೇಕು ಎಂದು ಅವರಿಗೂ ತಿಳಿದಿರಲಿ.

ಆರೋಗ್ಯಕ್ಕೆ ಇಸಿಎಚ್‌ಎಸ್. ಮಾಜಿ ಸೈನಿಕರ ಚಿಕಿತ್ಸೆಗಾಗಿ 2003ರ ಏಪ್ರಿಲ್ 1ರಿಂದ ಶುರುವಾದ ಯೋಜನೆ. ನಿಮ್ಮ ರ‍್ಯಾಂಕ್‌ಗೆ ಒಂದೇ ಸಲ ಕಟ್ಟುವ 30,000 ರೂಪಾಯಿ, ಆಮೇಲೆ ಗಂಡ ಹೆಂಡತಿ ಇಬ್ಬರಿಗೂ ಜೀವನಪರ್ಯಂತ ಚಿಕಿತ್ಸೆ. ಮಗ ದುಡಿಯಲು ಶುರುಮಾಡುವವರೆಗೆ, ಮದುವೆಯಾಗುವವರೆಗೆ ಅಥವಾ 25 ತುಂಬುವವರೆಗೆ, ಇದರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಅರ್ಹ. ಬೆಳಗಾವಿಯಲ್ಲಿ ಈ ಯೋಜನೆಯ ಪಾಲಿಕ್ಲಿನಿಕ್ ಇದೆ. ದೊಡ್ಡ ಆಸ್ಪತ್ರೆಗೆ ಹೋಗಬೇಕಾದರೆ ಅಲ್ಲಿಂದ ರೆಫರಲ್ ತೆಗೆದುಕೊಳ್ಳಬೇಕು. ಹೃದಯಾಘಾತ, ಅಪಘಾತದಂಥ ತುರ್ತಿನಲ್ಲಿ ಯಾವ ಆಸ್ಪತ್ರೆಗಾದರೂ ಹೋಗಬಹುದು. ಆದರೆ ಯೋಜನೆಯ ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಾದರೆ ಎರಡು ದಿನದೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ಇಲ್ಲದಿದ್ದರೆ ಬಿಲ್ ವಾಪಸ್ ಪಡೆಯುವುದು ಬಹಳ ಕಷ್ಟ. ಕ್ಲಿನಿಕ್‌ನ ಫೋನ್ ನಂಬರನ್ನು ಮನೆಯ ಗೋಡೆ ಮೇಲೆ ಬರೆದಿಡಿ, ಎಲ್ಲರ ಮೊಬೈಲ್‌ನಲ್ಲೂ ಇರಲಿ.

ಸೇವೆಯಲ್ಲಿ ಬಂದ ಗಾಯ, ಕಾಯಿಲೆ ಏನಾದರೂ ಇದೆಯಾ? ಮೊಣಕಾಲು ನೋವು, ಕಿವಿ ಮಂದ, ಬಿಪಿ? "ಮೆಡಿಕಲ್ ಕೆಟಗರಿ ಕೆಳಗಿಳಿಯುತ್ತದೆ" ಎಂದು ಮುಚ್ಚಿಟ್ಟವರು ಬಹಳ ಮಂದಿ. ಹೊರಬರುವಾಗಿನ ಮೆಡಿಕಲ್ ಬೋರ್ಡ್ ಮುಂದೆ ಎಲ್ಲವನ್ನೂ ಹೇಳಿ, ದಾಖಲಾಗಲಿ. ಅದು ಸೇವೆಯಿಂದಲೇ ಬಂದದ್ದು ಅಥವಾ ಸೇವೆಯಿಂದ ಹೆಚ್ಚಾದದ್ದು ಎಂದು ಬೋರ್ಡ್ ಒಪ್ಪಿ, ಅಂಗವೈಕಲ್ಯ 20 ಪರ್ಸೆಂಟ್ ಅಥವಾ ಮೇಲಿದ್ದರೆ ಪೆನ್ಷನ್ ಜೊತೆ ಅದಕ್ಕೂ ಹಣ ಬರುತ್ತದೆ. ತಿರಸ್ಕಾರವಾದರೆ ಮೇಲ್ಮನವಿಗೆ ಅವಕಾಶ ಇದೆ, ಅದೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಬೋರ್ಡಿನ ಕಾಗದದ ಪ್ರತಿ ಇಲ್ಲದೆ ಯೂನಿಟ್ ಬಿಡಬೇಡಿ.

ಮಕ್ಕಳ ವಿಷಯ. ಮಗಳು ಪಿಯುಸಿಯಲ್ಲಿ 60 ಪರ್ಸೆಂಟ್ ತೆಗೆದು ಎಂಜಿನಿಯರಿಂಗ್, ನರ್ಸಿಂಗ್‌ನಂಥ ವೃತ್ತಿಪರ ಪದವಿಗೆ ಸೇರಿದರೆ ಪ್ರಧಾನ ಮಂತ್ರಿ ಸ್ಕಾಲರ್‌ಷಿಪ್‌ಗೆ ಅರ್ಜಿ ಹಾಕಬಹುದು. ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000, ಗಂಡುಮಕ್ಕಳಿಗೆ 2,500. ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು, ತಡಮಾಡಿದರೆ ಸಿಗುವುದಿಲ್ಲ. ನಿಮ್ಮ ಡಿಸ್ಚಾರ್ಜ್ ತಾರೀಖೂ ಮಗಳ ಕಾಲೇಜು ಸೇರುವ ಸಮಯವೂ ಹತ್ತಿರ ಹತ್ತಿರ ಇವೆ, ಆದ್ದರಿಂದ ಇದರ ಮೇಲೆ ಕಣ್ಣಿಟ್ಟಿರಿ. ಇದಲ್ಲದೆ ಕೇಂದ್ರೀಯ ಸೈನಿಕ ಮಂಡಳಿಯಿಂದ ಹವಾಲ್ದಾರ್ ರ‍್ಯಾಂಕ್‌ವರೆಗಿನವರಿಗೆ ಇಬ್ಬರು ಮಕ್ಕಳ ಓದಿಗೆ, ಮಗಳ ಮದುವೆಗೆ ನೆರವು ಇದೆ. 2025ರ ಅಕ್ಟೋಬರ್‌ನಲ್ಲಿ ಇವನ್ನೆಲ್ಲ ದುಪ್ಪಟ್ಟು ಮಾಡಿದರು. ಓದಿಗೆ ಒಬ್ಬರಿಗೆ ತಿಂಗಳಿಗೆ 1,000 ಇದ್ದದ್ದು 2,000 ಆಯಿತು, ಮದುವೆಗೆ 50,000 ಇದ್ದದ್ದು 1 ಲಕ್ಷ. ಡಿಸೆಂಬರ್ 7ರ ಧ್ವಜ ದಿನದಂದು ಶಾಲೆ, ಕಚೇರಿಗಳಲ್ಲಿ ಸಣ್ಣ ಬಾವುಟ ಕೊಟ್ಟು ಹಣ ಸಂಗ್ರಹಿಸುತ್ತಾರಲ್ಲ, ಆ ನಿಧಿಯಿಂದಲೇ ಇದು ಬರುತ್ತದೆ. ನಿಮ್ಮ ಊರಲ್ಲಿ 65 ದಾಟಿದ, ಪೆನ್ಷನ್ ಇಲ್ಲದೆ ಸೇನೆ ಬಿಟ್ಟ ಹಿರಿಯರು ಯಾರಾದರೂ ಇದ್ದರೆ ಅವರಿಗೆ ದಯವಿಟ್ಟು ಹೇಳಿ. ಅವರಿಗೆ ಇದೇ ನಿಧಿಯಿಂದ ತಿಂಗಳಿಗೆ 4,000 ಬರುತ್ತಿದ್ದದ್ದು ಈಗ 8,000 ಆಗಿದೆ. ಅರ್ಜಿ ಹಾಕುವುದು ಅವರೊಬ್ಬರಿಂದ ಆಗುವುದಿಲ್ಲ, ನೀವು ಜೊತೆಗೆ ಹೋಗಿ.

ಕ್ಯಾಂಟೀನ್ ಕಾರ್ಡ್ ಬಗ್ಗೆ ನಾನು ಹೇಳುವುದು ಏನಿಲ್ಲ, ಅದನ್ನು ಯಾರೂ ಮರೆಯುವುದಿಲ್ಲ.

ಮನೆಯೊಳಗಿನ ಮಾತೂ ಒಂದಿದೆ. ಇಷ್ಟು ವರ್ಷ ವರ್ಷಕ್ಕೆರಡು ಸಲ ರಜೆಗೆ ಬಂದು ಹೋಗುತ್ತಿದ್ದಿರಿ. ಹೊಲ, ಮನೆ, ಮಕ್ಕಳ ಫೀಸು, ಅತ್ತೆ ಮಾವನ ಔಷಧಿ ಎಲ್ಲ ನಿಮ್ಮ ಮನೆಯವರೇ ನೋಡಿಕೊಂಡರು. ನೀವು ಬಂದ ಮರುದಿನವೇ ಎಲ್ಲವೂ ನಿಮ್ಮ ಆರ್ಡರ್ ಪ್ರಕಾರ ನಡೆಯಬೇಕೆಂದರೆ ಮನೆಯಲ್ಲಿ ಜಗಳವಾಗುತ್ತದೆ. ಮೊದಲ ಕೆಲವು ತಿಂಗಳು ನಿದ್ದೆ ಬಾರದಿರುವುದು, ಸಣ್ಣದಕ್ಕೆ ಸಿಟ್ಟು ಬರುವುದು, ಸುಮ್ನೆ ಕೂತಿರಬೇಕು ಅನ್ನಿಸುವುದು ಹಲವರಿಗೆ ಆಗುತ್ತದೆ. ಅದು ಹೆಚ್ಚಾದರೆ, ಅಥವಾ ಕುಡಿತಕ್ಕೆ ತಿರುಗಿದರೆ, ಪಾಲಿಕ್ಲಿನಿಕ್‌ನಲ್ಲಿ ಹೇಳಿ, ಮನೋವೈದ್ಯರ ಚಿಕಿತ್ಸೆಯೂ ಅದರಲ್ಲೇ ಸೇರಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಉಚಿತ, ಹಗಲು ರಾತ್ರಿ ಇರುತ್ತದೆ.

ಕೊನೆಗೆ ನಿಮ್ಮ ಅಣ್ಣನ ಮಗ. ಅವನಿಗೆ ಇದರಲ್ಲಿ ಹೆಚ್ಚಿನದು ಅನ್ವಯಿಸುವುದಿಲ್ಲ. ಅಗ್ನಿವೀರರಿಗೆ ನಾಲ್ಕು ವರ್ಷ ಸೇವೆ, ಅವರಲ್ಲಿ ಶೇಕಡ 25ರವರೆಗೆ ಮಾತ್ರ ಮುಂದುವರಿಯುತ್ತಾರೆ. ಉಳಿದವರು ಸೇವಾ ನಿಧಿ ಎಂದು ಸುಮಾರು 11.71 ಲಕ್ಷ ತೆಗೆದುಕೊಂಡು ಹೊರಬರುತ್ತಾರೆ. ಅದಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ಪೆನ್ಷನ್ ಇಲ್ಲ, ಗ್ರಾಚ್ಯುಟಿ ಇಲ್ಲ, ಇಸಿಎಚ್‌ಎಸ್ ಇಲ್ಲ. ಮೊದಲ ತಂಡದ ತರಬೇತಿ 2023ರ ಜನವರಿಯಲ್ಲಿ ಶುರುವಾಗಿತ್ತು, ಹಾಗಾಗಿ ಅವರ ಅವಧಿ 2026ರ ಕೊನೆ, 2027ರ ಆರಂಭದ ಹೊತ್ತಿಗೆ ಮುಗಿಯುತ್ತದೆ. ಈಗಿರುವ ನೆರವಿನ ವ್ಯವಸ್ಥೆ ಎಲ್ಲವೂ ನಿಮ್ಮಂತೆ ಪೆನ್ಷನ್ ಹಿಡಿದು ಬರುವವರಿಗಾಗಿ ಕಟ್ಟಿದ್ದು. 23-24ರ ಹುಡುಗ ಪೆನ್ಷನ್ ಇಲ್ಲದೆ ಊರಿಗೆ ಬಂದರೆ ಅವನ ಪರಿಸ್ಥಿತಿಯೇ ಬೇರೆ. ಇದನ್ನು ಸರ್ಕಾರ ಇನ್ನೂ ಗಟ್ಟಿಯಾಗಿ ಯೋಚಿಸಬೇಕು ಎಂಬುದು ನನ್ನ ಅಭಿಪ್ರಾಯ. ಅರೆಸೇನಾ ಪಡೆಗಳ ನೇಮಕಾತಿಯಲ್ಲಿ ಮಾಜಿ ಅಗ್ನಿವೀರರಿಗೆ ಮೀಸಲಾತಿ ಇದೆ, ಅದಕ್ಕೆ ಅವನು ಈಗಿನಿಂದಲೇ ತಯಾರಿ ನಡೆಸಲಿ. ಪಿಯುಸಿ ಆಗಿಲ್ಲದಿದ್ದರೆ ಸೇವೆಯಲ್ಲಿದ್ದಾಗಲೇ ಮುಗಿಸಲಿ, ಆಗಿದ್ದರೆ ಪದವಿಗೆ ಸೇರಲಿ. ಸೇವಾ ನಿಧಿಯ ಹಣ ಬಂದಾಗ ಬೈಕು, ಸೈಟು ಎಂದು ಓಡದೆ ಓದಿಗೋ ಕಸುಬಿಗೋ ಹಾಕುವಂತೆ ನೋಡಿಕೊಳ್ಳಿ. ಚಿಕ್ಕಪ್ಪ ಫೌಜಿ ಆಗಿರುವುದರಿಂದ ನಿಮ್ಮ ಮಾತನ್ನು ಅವನು ಕೇಳುತ್ತಾನೆ. ಮುಂದಿನ ರಜೆಗೆ ಇಬ್ಬರೂ ಒಟ್ಟಿಗೆ ಊರಲ್ಲಿ ಸಿಕ್ಕರೆ ಅವನ ಕಾಗದಗಳನ್ನೂ ತೆಗೆಸಿ ಹೆಸರು, ತಾರೀಖು ತಾಳೆ ನೋಡಿಬಿಡಿ.